ಸದ್ದು ಮಾಡೋ ಮಿಕ್ಸಿ

...ಬೇಡ ಅತ್ತೆ, ಅದು ಬೇಡ. ಸದ್ದೇ ಇಲ್ಲವಂತೆ ಅದಕ್ಕೆ. ತಗೊಂಡೋಳೊಬ್ಬಳು ಫೋನಲ್ಲಿ ಬರ್ದಿದಾಳೆ ಕೇಳಿ: ‘ಪಕ್ಕದಲ್ಲೇ ಮಗು ಮಲಗಿತ್ತು, ಮಗ್ಗುಲು ಕೂಡ ಬದಲಾಯಿಸಲಿಲ್ಲ.’ ನಾಲ್ಕೂಮುಕ್ಕಾಲು ಸ್ಟಾರು! ಹೊಗಳಿದ್ದೇ ಹೊಗಳಿದ್ದು ಎಲ್ಲರೂ. ನಮಗೆ ಬೇಡ. ಮುಂದಿನದು ನೋಡೋಣ.

ಯಾಕೆ ಹಾಗೆ ನೋಡ್ತೀರಾ? ನೀವು ಬಟಾಣಿ ಸುಲೀರಿ, ಸುಲೀತಾ ಕೇಳಿ.

ಮಿಕ್ಸಿ ಅಂದ್ಮೇಲೆ ಸದ್ದು ಮಾಡ್ಬೇಕಪ್ಪ! ನೀವೇ ಅಲ್ವಾ ಅಂದಿದ್ದು? ನಾನು ಸೊಸೆಯಾಗಿ ಬಂದ ಹೊಸದ್ರಲ್ಲಿ, ಇದೇ ಟೇಬಲ್ ಹತ್ರ ಕೂತು. ‘ಬೆಳಿಗ್ಗೆ ಮೇಲ್ಗಡೆ ನಿಮ್ಮ ಮಿಕ್ಸಿ ಸದ್ದು ಕೇಳಿದ್ರೆ ಸಾಕು ಕಣೇ, ನನ್ನ ಮಗ ಹೊಟ್ಟೆಗೆ ಏನಾದ್ರೂ ಹಾಕ್ಕೊಂಡೇ ಹೊರಡ್ತಾನೆ ಅಂತ ಸಮಾಧಾನ.’ ಅಂದಿದ್ರೋ ಇಲ್ವೋ? ಹಾಂ, ಮತ್ತೆ! ನಿಮಗೆ ಮಂಡಿ ನೋವು, ಮೆಟ್ಟಿಲು ಹತ್ತಕ್ಕಾಗಲ್ಲ. ಸದ್ದಾದ್ರೂ ಕೆಳಗಿಳಿದು ಬರಲಿ. ಅದಕ್ಕೇ ಹೇಳ್ತಿರೋದು, ಜೋರಾಗಿ ಸದ್ದು ಮಾಡೋದೇ ತಗೊಳ್ಳೋಣ.

ಹಳೇದಾ? ಬೆಳಿಗ್ಗೆ ಸುಟ್ಟೇ ಹೋಯ್ತು. ವಾಸನೆ ಕೆಳಗೂ ಬಂತಾ? ಮೂಲೆ ಅಂಗಡಿ ಮೆಕ್ಯಾನಿಕ್‌ಗೆ ತೋರಿಸ್ದೆ. ಬಿಚ್ಚಿ ನೋಡಿ ಮೂಗು ಮುಚ್ಕೊಂಡ. ‘ಏನಮ್ಮ ಇದು, ಎಷ್ಟೊತ್ತು ಓಡ್ಸಿದ್ರಿ ಇದನ್ನ?’ ಅಂದ. ಅವನಿಗೇನು, ಬಾಯಿಗೆ ಬಂದಿದ್ದು ಕೇಳ್ತಾನೆ. ಹೆದರಿಕೆಯಾ? ಇಲ್ಲಪ್ಪ, ಏನೂ ಅನ್ನಿಸ್ಲಿಲ್ಲ. ಹೊಗೆ ಬರ್ತಿತ್ತು, ನೋಡ್ತಾ ನಿಂತಿದ್ದೆ. ಆಮೇಲೆ ನೆನಪಾಗಿ ಸ್ವಿಚ್ ಆರಿಸ್ದೆ.

ನಿಮ್ಮ ಮಗನಾ? ಅವರು... ಆಗ್ಲೇ ಹೊರಟುಹೋಗಿದ್ರು. ಈಗೀಗ ಹಾಗೇ ಅಲ್ವಾ, ಹಿಂದಿನ ಮೆಟ್ಟಿಲಿಂದ ಹೋಗಿಬಿಡ್ತಾರೆ. ಕೋಲ್ಡ್ ಸ್ಟೋರೇಜಲ್ಲಿ ಕೆಲಸ ಜಾಸ್ತಿಯಂತೆ. ರಾತ್ರಿ ಬರೋ ಹೊತ್ತಿಗೆ ನಿಮಗೆ ನಿದ್ದೆ ಹತ್ತಿರುತ್ತೆ. ‘ಅಮ್ಮನ್ನ ಒಂದ್ಸಲ ಮಾತಾಡಿಸ್ಕೊಂಡು ಹೋಗಿ’ ಅಂತ ನಾನೂ ಹೇಳ್ತಾನೇ ಇದೀನಿ. ಹೇಳಿಲ್ಲ ಅಂದ್ಕೋಬೇಡಿ ಮತ್ತೆ. ಹೂಂ, ಚೆನ್ನಾಗಿದಾರೆ. ತಿಂತಾರೆ, ತಿಂತಾರೆ! ಅದೇ, ಹಾಲು ಬಾಳೆಹಣ್ಣು ಹಾಕಿ ತಿರುವಿದ್ದು, ದೊಡ್ಡ ಲೋಟದ ತುಂಬ. ಅದಕ್ಕೇ ಜಾರೂ ದೊಡ್ಡದೇ ಬೇಕು. ಇಬ್ಬರಿಗೆ ಆಗ್ಬೇಕಲ್ಲ.

ಸರಿ, ಸರಿ, ಇದನ್ನ ಕೇಳಿ. ಅಯ್ಯೋ, ಇವನಿಗೇನು ಹೇಳೋಣ! ಐದು ಸ್ಟಾರು ಕೊಟ್ಟು ಬರ್ದಿದಾನೆ, ‘ತುಂಬಾ ಒಳ್ಳೇ ಮಿಕ್ಸಿ. ಇನ್ನೂ ಡಬ್ಬ ಬಿಚ್ಚಿಲ್ಲ.’ ಕೆಳಗಡೆ ಇನ್ನೊಬ್ಬಳು ಒಂದೇ ಸ್ಟಾರು ಕೊಟ್ಟಿದಾಳೆ. ಯಾಕೆ ಗೊತ್ತಾ? ತಂದುಕೊಟ್ಟೋನು ಹೋಗ್ತಾ ಗೇಟು ಮುಚ್ಚಲಿಲ್ಲವಂತೆ! ನಗಿ ಅತ್ತೆ, ನಗಿ. ಎಷ್ಟು ದಿನ ಆಯ್ತು ನೀವು ನಕ್ಕು. ಸಂಜೆ ಹೀಗೆ ನಿಮ್ಮ ಜತೆ ಕೂತ್ರೆ ನನಗೆ... ಇರಲಿ ಬಿಡಿ. ಇದೊಂದು ಇದ್ರೆ ಸಾಕು ನನಗೆ.

ಯಾರನ್ನ ನಂಬೋದು ಅಂತೀರಾ? ಯಾರನ್ನೂ ನಂಬೋ ಹಾಗಿಲ್ಲ. ಇಡೀ ದಿನ ನಾನು ಮಾಡೋದೂ ಅದೇ ತಾನೇ? ಹೆಡ್‌ಫೋನ್ ಸಿಕ್ಕಿಸ್ಕೊಂಡು, ನೀರು ಕಾಯಿಸೋ ಹೀಟರ್ ಕೊಂಡೋರಿಗೆಲ್ಲ ಫೋನ್ ಮಾಡೋದು. ‘ನಮ್ಮ ಹೀಟರ್ ನಿಮಗೆ ತೃಪ್ತಿ ತಂದಿದೆಯೇ? ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ?’ ನಿಜ ಯಾರು ಹೇಳ್ತಾರೆ! ‘ಪರವಾಗಿಲ್ಲ, ನಾಲ್ಕು ಹಾಕ್ಕೊಳ್ಳಿ’ ಅಂತಾರೆ. ಫೋನ್ ಇಟ್ರೆ ಸಾಕಾಗಿರುತ್ತೆ ಅವರಿಗೆ. ಬೈಯೋರೇ ವಾಸಿ ಅತ್ತೆ. ರಿಪೇರಿ ಆಗಲಿ ಅಂತ ಬೈತಾರೆ. ಏನೂ ತೊಂದ್ರೆ ಇಲ್ಲ ಅಂತಾರಲ್ಲ, ಅವರು... ಅವರು ಮುಂದಿನ ಸಲ ಬೇರೆ ಕಂಪನಿದು ತಗೋತಾರೆ.

ಕೇಳಿ ಕೇಳಿ ಬೇಜಾರಾಯ್ತಾ? ಮುಗೀತು, ಮುಗೀತು, ಇದೊಂದೇ.

ಆಹಾ! ಸಿಕ್ತು ನೋಡಿ. ಬರೀ ಎರಡೂವರೆ ಸ್ಟಾರು, ಬೈದಿರೋದೆಲ್ಲ ಸದ್ದಿಗೇ. ‘ಅಡುಗೆಮನೆಗೆ ಲಾರಿ ನುಗ್ಗಿದ ಹಾಗಿದೆ.’ ಇನ್ನೊಬ್ಬಳು, ‘ನಮ್ಮ ಮಾವನಿಗೆ ಕಿವಿ ಕೇಳಲ್ಲ. ಅವರೂ ಎದ್ದು ಬಂದು ಏನಾಯ್ತು ಅಂದ್ರು.’ ಇದೇ! ಇದನ್ನೇ ತಗೊಳ್ಳೋಣ ಅತ್ತೆ, ಕಣ್ಣು ಮುಚ್ಕೊಂಡು. ಇಲ್ಲೊಬ್ಬ ವಿಡಿಯೋ ಬೇರೆ ಹಾಕಿದಾನೆ. ಇರಿ, ಸೌಂಡ್ ಜಾಸ್ತಿ ಮಾಡ್ತೀನಿ. ಕೇಳಿಸ್ತಾ?

ಥೂ, ಇವನ! ಜಾರಲ್ಲಿ ಏನೂ ಹಾಕೇ ಇಲ್ಲ. ಹಣ್ಣೆಲ್ಲ ಮುಂದೆ ಚೆಂದವಾಗಿ ಜೋಡಿಸಿಟ್ಟಿದಾನೆ, ಓಡಿಸ್ತಿರೋದು ಖಾಲಿ ಜಾರು. ಯಾರ ಕಿವಿ ಮೇಲೆ ಹೂ ಇಡ್ತಾನೆ! ಒಳಗೆ ಏನಾದ್ರೂ ಇದ್ರೆ ಮೊದ್ಲು ಗರ್ ಗರ್ ಅಂತ ಒದ್ದಾಡುತ್ತೆ, ಆಮೇಲೆ ಭಾರವಾಗಿ ಒಂದೇ ಸಮ ತಿರುಗುತ್ತೆ. ಇದು ಶುರುವಿಂದ್ಲೇ ಕೀಂ ಅಂತಿದೆ. ಮಿಕ್ಸಿ ಮುಟ್ಟಿರೋ ಯಾರಿಗಾದ್ರೂ ಗೊತ್ತಾಗುತ್ತೆ ಅತ್ತೆ, ಗೋಡೆ ಆಚೆ ಕೂತಿದ್ರೂ ಗೊತ್ತಾಗುತ್ತೆ ಖಾಲಿ ಅಂತ...

ಅತ್ತೆ?

ಸುಲಿಯೋದು ಯಾಕೆ ನಿಲ್ಲಿಸಿದ್ರಿ?

ಅಯ್ಯೋ, ನಾನು ಈ ವಿಡಿಯೋದವನ ಬಗ್ಗೆ ಹೇಳಿದ್ದು. ನಮ್ಮದು... ನಮ್ಮದು ಹಳೇದಾಗಿತ್ತಲ್ಲ, ಹಳೇದಾದ್ರೆ ಸದ್ದು ಸ್ವಲ್ಪ...

ಹಾಗೆ ನೋಡ್ಬೇಡಿ ಅತ್ತೆ.

ಅಂದ್ರೆ ಜಾರು ಖಾಲಿ ಅಂತ ಗೊತ್ತಿತ್ತು ನಿಮಗೆ. ದಿನಾ ಬೆಳಿಗ್ಗೆ ಇಲ್ಲಿ ಕೂತು ಅದನ್ನ ಕೇಳಿಸ್ಕೊಂಡು... ಮತ್ತೆ ಸಂಜೆ ನಾನು ಬಂದಾಗ, ‘ಅವನು ತಿಂದ್ಕೊಂಡು ಹೋದ್ನಾ?’ ಅಂತ ಕೇಳ್ತಿದ್ರಿ. ನಾನು ಹೂಂ ಅಂತಿದ್ದೆ. ನೀವೂ ಹೂಂ ಅಂತಿದ್ರಿ.

ಹೋದ್ರು ಅತ್ತೆ. ಹೋದ ತಿಂಗಳೇ ಮನೆ ಬಿಟ್ಟು ಹೋದ್ರು. ಎಲ್ಲಿದಾರೋ, ಯಾರ ಜತೆ ಇದಾರೋ ಗೊತ್ತಿಲ್ಲ. ಜಗಳ ಆಡಿದ್ರೆ ಏನೋ ಒಂದು ಗೊತ್ತಾಗ್ತಿತ್ತು. ‘ನನ್ನಿಂದ ಏನು ಕಮ್ಮಿಯಾಯ್ತು?’ ಅಂತ ಕೇಳ್ದೆ. ‘ಏನೂ ಕಮ್ಮಿಯಿಲ್ಲ, ನಿನ್ನಿಂದ ಏನೂ ತೊಂದ್ರೆ ಇಲ್ಲ’ ಅಂದ್ರು. ಶೂ ಲೇಸ್ ಕಟ್ಕೋತಾ ಅಂದ್ರು, ತಲೆ ಎತ್ತಲಿಲ್ಲ. ‘ಅಮ್ಮನಿಗೆ ನಾನೇ ಹೇಳ್ತೀನಿ’ ಅಂತ ಹೇಳಿ ಹೋದ್ರು. ಫೋನ್ ಮಾಡಿದ್ರಾ ನಿಮಗೆ?

...ಇಲ್ವಾ. ನಿಮಗೂ ಇಲ್ವಾ.

ಅಳು ಬರ್ಬೇಕಿತ್ತು ಅಲ್ವಾ? ಬರಲ್ಲ ಅತ್ತೆ. ಅವತ್ತೂ ಬರ್ಲಿಲ್ಲ, ಈಗಲೂ ಇಲ್ಲ. ಕೈಕಾಲು ಜೋಮು ಹಿಡಿಯುತ್ತಲ್ಲ, ಹಾಗೆ. ಬೆಳಿಗ್ಗೆ ಎದ್ದು ಜಾರು ಇಟ್ಟು ಸ್ವಿಚ್ ಹಾಕ್ತಿದ್ದೆ. ಅದರೊಳಗೆ ಏನಾದ್ರೂ ಹಾಕ್ಬೇಕು ಅಂತ ನನ್ನ ತಲೆಗೆ ಹೊಳೀಲೇ ಇಲ್ಲ ನೋಡಿ! ಒಂದು ಬಾಳೆಹಣ್ಣು ಹಾಕಿದ್ರೂ ಆಗ್ತಿತ್ತು. ಯಾರು ಕುಡೀತಾರೆ ಅಂತ... ಇವತ್ತು ಆರಿಸೋದೇ ಮರ್ತು ನಿಂತ್ಬಿಟ್ಟೆ.

ಯಾಕೆ ಹೇಳ್ಲಿಲ್ಲ ಅಂದ್ರೆ... ಹೇಗೆ ಹೇಳ್ಲಿ? ನಿಮ್ಮ ಮಗ ಇಲ್ಲ ಅಂದ್ಮೇಲೆ ನಾನು ನಿಮಗೆ ಏನಾಗ್ಬೇಕು? ಮನೆ ನಿಮ್ಮದು. ನನಗೆ ತವರು ಅಂತ ಒಂದು ಬಾಗಿಲಿಲ್ಲ. ಕೆಲಸದಿಂದ ಬಂದು ‘ಬಂದೆ ಅತ್ತೆ’ ಅನ್ನೋಕೆ ಇದೊಂದೇ ಬಾಗಿಲು. ಅದು ಮುಚ್ಚಿಹೋಗುತ್ತೆ ಅಂತ ಭಯ ಆಯ್ತು. ಅಷ್ಟೇ.

ಸಾಮಾನು ಕಟ್ಕೊಳ್ಲಾ? ಹೇಳಿ, ಬೇಜಾರಿಲ್ಲ. ಜಾಸ್ತಿ ಏನೂ ಇಲ್ಲ ಮೇಲೆ.

ಎಲ್ಲಿಗೆ ಎದ್ರಿ? ಅಯ್ಯೋ ಮಂಡಿ, ನಿಧಾನ! ಸ್ಟೂಲ್ ಬೇಡ ಅತ್ತೆ, ಬಿದ್ದೀರಿ, ನಾನು ತೆಗೀತೀನಿ. ಯಾವುದು, ಈ ಬಟ್ಟೆ ಮುಚ್ಚಿರೋದಾ? ಇದು ನಿಮ್ಮ ಮಿಕ್ಸಿ. ಮೇಲೆ ತಗೊಂಡು ಹೋಗ್ಲಾ?

ಅಲ್ವಾ? ಇಲ್ಲೇ ಇಡ್ಲಾ?

...ದಿನಾನಾ? ಬೆಳಿಗ್ಗೆನೂ ಇಲ್ಲಿಗೇ ಬರ್ಬೇಕಾ?

ಫೋನ್ ಯಾಕೆ ಬೋರಲು ಹಾಕ್ತೀರಾ? ಸರಿ, ನೋಡಲ್ಲ. ಇದಕ್ಕೆ ಯಾರು ಎಷ್ಟು ಸ್ಟಾರು ಕೊಟ್ಟಿದಾರೋ, ಸದ್ದು ಹೇಗಿದೆಯೋ. ಹೂಂ, ಪ್ಲಗ್ ಹಾಕ್ದೆ. ಓಡಿಸ್ಲಾ?

ಇರಿ, ಇರಿ ಅತ್ತೆ. ಆ ಬಟಾಣಿ ಇತ್ಲಾಗೆ ಕೊಡಿ, ಮೊದ್ಲು ಒಳಗೆ ಏನಾದ್ರೂ ಹಾಕ್ತೀನಿ.