ಎದುರು ಮನೆಯ ಹೊಸ ಚಾವಣಿ

ಬೇಡ ಬೇಡ, ಏಳ್ಬೇಡ, ಕೂತ್ಕೋ ಆರ್ಲಿಸ್. ನಿನ್ನ ಅಡುಗೆಮನೇಲಿ ಯಾವ ಚಮಚ ಎಲ್ಲಿದೆ ಅಂತ ನನಗೆ ಗೊತ್ತಿಲ್ವಾ? ಇಲ್ಲೇ ಮೇಜಿನ ಮೇಲೆ ಇಡ್ತೀನಿ. ಬಿಸಿ ಇದೆ, ಹುಷಾರು. ಕೊಚ್ಚಿದ ಮಾಂಸ, ಬೀನ್ಸು, ಮೇಲೆ ಗರಿಗರಿ ಆಲೂಗಡ್ಡೆ. ನಿನ್ನ ಡೆಲ್ಮರ್‌ಗೆ ಇಷ್ಟ... ಇಷ್ಟವಾಗಿತ್ತು. ಪಾತ್ರೆ ತಳಕ್ಕೆ ‘ಲವಾನ್’ ಅಂತ ನನ್ನ ಹೆಸರಿನ ಪಟ್ಟಿ ಅಂಟಿಸಿದೀನಿ ನೋಡು. ಹೋದ ಸಲ ಚರ್ಚಿನ ಊಟದಲ್ಲಿ ಹಿಲ್ಡಾ ನನ್ನ ಪಾತ್ರೇನ ತನ್ನದು ಅಂತ ಎತ್ಕೊಂಡು ಹೋಗ್ಬಿಟ್ಟಿದ್ಳಲ್ಲ! ವಾಪಸ್ ಕೊಡೋವಾಗ ಏನೂ ತುಂಬಿ ಕೊಡ್ಬೇಡ ಮಾರಾಯ್ತಿ. ಗೊತ್ತು ಗೊತ್ತು, ಖಾಲಿ ಪಾತ್ರೆ ವಾಪಸ್ ಕೊಟ್ರೆ ನಿಮ್ಮಮ್ಮ ಗೋರಿಯಿಂದ ಎದ್ದು ಬರ್ತಾಳೆ. ಆದ್ರೂ ಈ ಸಲ ಖಾಲೀನೇ ಕೊಡು. ಈ ಸ್ಥಿತೀಲಿ ಯಾರೂ ಏನೂ ಅಂದ್ಕೊಳಲ್ಲ.

ಆ ಸದ್ದಾ? ಅಯ್ಯೋ, ನಮ್ಮನೇದೇ. ಚಾವಣಿ ಹೊಸದಾಗಿ ಹಾಕಿಸ್ತಿದೀನಲ್ಲ. ಬೆಳಿಗ್ಗೆಯಿಂದ ಟಕಟಕ ಟಕಟಕ, ತಲೆ ಚಿಟ್ಟು ಹಿಡಿದುಹೋಗಿದೆ. ನಿನಗೂ ತೊಂದರೆ, ಪಾಪ. ಎಲ್ಲಾ ಇನ್ಶೂರೆನ್ಸ್ ದುಡ್ಡು ಕಣೇ. ಮೇ ತಿಂಗಳಲ್ಲಿ ಆಲಿಕಲ್ಲು ಬಿತ್ತಲ್ಲ... ಬಿತ್ತು. ಬಿತ್ತಪ್ಪ.

ಇರಲಿ. ನಾನು ಬಂದಿದ್ದು ಬೇರೆ ವಿಷಯಕ್ಕೆ. ನೋಡು, ನಮ್ಮ ಪಂಪ್ ಫ್ಯಾಕ್ಟರಿಯವರು ಅಷ್ಟು ಕಲ್ಲೆದೆಯವರಲ್ಲ. ಡೆಲ್ಮರ್ ಹೋದ ಮೇಲೆ ಲಿಂಡಾಲ್ ಸಾಹೇಬ್ರು ನನ್ನ ಕರೆಸಿ, ‘ಲವಾನ್, ಆಯಮ್ಮ ನಿಮ್ಮ ಎದುರು ಮನೆಯವರಲ್ವಾ, ನೀವೇ ಹೋಗಿ ಕೊಡಿ’ ಅಂದ್ರು. ಹಣಕಾಸು ಪೂರ್ತಿ ಅವರ ಕೈಲೇ ಇರೋದು. ಅಷ್ಟು ದೊಡ್ಡ ಮನುಷ್ಯ, ಕಣ್ಣಲ್ಲಿ ನೀರು ಹಾಕ್ಕೊಂಡಿದ್ರು! ಚೆಕ್ ತಂದಿದೀನಿ. ಶವಪೆಟ್ಟಿಗೆ ಖರ್ಚು, ಪಾದ್ರಿ ಖರ್ಚು, ಎಲ್ಲಾ ಕಳೆದು ಒಂದಿಷ್ಟು ಮಿಗುತ್ತೆ. ಇಲ್ಲಿ ಒಂದು ಸಹಿ ಹಾಕ್ಬಿಡು. ಇಲ್ಲಿ, ಕೆಳಗೆ. ಫ್ಯಾಕ್ಟರಿ ಷೇರಿನ ಬಗ್ಗೆ ಇನ್ನು ಮುಂದೆ ಏನೂ ಕೇಳಲ್ಲ ಅಂತ. ಸುಮ್ನೆ ಒಂದು ಪದ್ಧತಿ. ತಗೋ ಪೆನ್ನು.

ಏನು ಕೇಳೋದಿದೆ ಹೇಳು, ಅದರಲ್ಲಿ ಏನಾದ್ರೂ ಉಳಿದಿದ್ರೆ ತಾನೆ! ಸಂಬಳ ಕೈಗೆ ಬರೋ ಮೊದಲೇ ಒಂದಿಷ್ಟು ಹಿಡ್ಕೊಂಡು, ಆರು ತಿಂಗಳಿಗೊಮ್ಮೆ ಒಟ್ಟಿಗೆ ಷೇರು ಕೊಡ್ತಿದ್ರು. ಪೇಟೆಗಿಂತ ಅಗ್ಗ ಅಂತ ಊರಿಗೆ ಊರೇ ತಗೊಂಡ್ತು. ಡೆಲ್ಮರ್ ಮಾತ್ರನಾ ತಗೊಂಡಿದ್ದು? ಎರಕದ ಮನೆಯವರು, ಪೇಂಟ್ ಹೊಡೆಯೋರು, ಕ್ಯಾಂಟೀನಿನ ಹಿಲ್ಡಾ... ನಾನು! ನಾನೂ ತಗೊಂಡೆ. ರೇಟು ನೆಲಕಚ್ಚಿ ಎಲ್ಲಾ ಕಳ್ಕೊಂಡ್ವಿ. ನಿನ್ನ ಗತೀನೇ ನನ್ನ ಗತಿ ಕಣೇ.

ಯಾಕೆ ನಗ್ತೀಯಾ?

ನಕ್ಕೆ ನೀನು. ನಾನು ನೋಡಿದೆ. ತುಟಿ ಹಿಂಗೆ ಮಾಡಿದೆ... ಸರಿ ಬಿಡು, ನಕ್ಕಿಲ್ಲ. ದುಃಖದಲ್ಲಿ ಮುಖ ಹಂಗೆಲ್ಲಾ ಆಗುತ್ತೆ. ನಮ್ಮಣ್ಣ ಹೋದಾಗ ನನಗೂ ಆಗಿತ್ತು.

ಕಾಫಿ ಇದೆಯಾ? ನಾನೇ ಬಗ್ಗಿಸ್ಕೋತೀನಿ. ಇದು ಡೆಲ್ಮರ್ ಲೋಟ ಅಲ್ವಾ... ಬೇರೇದು ತಗೋತೀನಿ.

ಒಂದು ಮಾತಾದ್ರೂ ಆಡೇ! ಮದುವೆ ಆಗಿ ಬಂದಾಗಿನಿಂದ ಈ ರಸ್ತೇಲಿ ಎದುರುಬದುರು ಇದೀವಿ. ಹಿಮ ಬಿದ್ರೆ ಮೊದಲು ನಮ್ಮನೆ ಬಾಗಿಲ ಮುಂದೆ ಎತ್ತಿ ಹಾಕಿ, ಆಮೇಲೆ ನಿಮ್ಮನೇದು ಎತ್ತೋನು ಅವನು. ನೀನು ಕಿಟಕಿಯಿಂದ ಬೈತಿದ್ದೆ, ‘ಅವಳನ್ನೇ ಕಟ್ಕೋಬೇಕಿತ್ತು’ ಅಂತ. ಅಂಥವನ ಹೆಂಡತಿಗೆ ನಾನು ಕೆಟ್ಟದ್ದು ಬಯಸ್ತೀನಾ? ಸಹಿ ಹಾಕು ಅಂತ ಹೇಳ್ತಿರೋದು ನಿನ್ನ ಒಳ್ಳೇದಕ್ಕೇ. ಈ ವಾರ ಬಿಟ್ರೆ ಈ ಚೆಕ್ಕೂ ಇಲ್ಲ. ಬ್ಯಾಂಕಿನವರು ಮನೆ ಮೇಲೆ ಕಣ್ಣಿಟ್ಟಿದಾರೆ ಅಂತ ನೀನೇ ತಾನೆ ಪಾದ್ರಿ ಹತ್ರ ಹೇಳಿದ್ದು?

ಹೌದು, ಅವನು ನನ್ನ ಹತ್ರ ಬಂದಿದ್ದ. ಮಾರ್ಚಲ್ಲಿ. ಅದನ್ನೇ ಯೋಚಿಸ್ತಿದೀಯಾ? ಷೇರಿನ ಲೆಕ್ಕ ನೋಡ್ಕೊಳೋದು ನಾನೇ ಅಲ್ವಾ, ಫ್ಯಾಕ್ಟರೀಲಿ ನನ್ನ ಕಿಟಕಿ ಹತ್ರ ಬಂದು ನಿಂತ. ಟೋಪಿ ಕೈಯಲ್ಲಿ ಹಿಡ್ಕೊಂಡು. ಅವನು ಟೋಪಿ ತೆಗೆದಿದ್ದನ್ನ ನಾನು ಚರ್ಚಲ್ಲಿ ಬಿಟ್ರೆ ಬೇರೆಲ್ಲೂ ನೋಡಿರ್ಲಿಲ್ಲ ಕಣೇ! ‘ಲವಾನ್, ಹೋದ ಜೂನಲ್ಲಿ ತಗೊಂಡಿದ್ದಾದ್ರೂ ವಾಪಸ್ ಬರೋ ದಾರಿ ಏನೂ ಇಲ್ವಾ?’ ಅಂದ. ಹೋದ ಜೂನಿನ ಷೇರಿಗೇ ಅಲ್ವಾ ಅವನು ಸಂಬಳದಲ್ಲಿ ಹೆಚ್ಚು ಹಿಡಿಸಿದ್ದು. ರೇಟು ಬಿದ್ದಿದೆ, ಈಗ್ಲೇ ತಗೋ ಅಂತ ಎಲ್ಲರೂ ಅಂದ್ರು. ನಾನೂ ಅಂದೆ... ಎಲ್ಲರೂ ಅಂದ್ರು. ದಾರಿ ಇಲ್ಲ ಡೆಲ್ಮರ್ ಅಂದೆ. ‘ಸರಿ, ಥ್ಯಾಂಕ್ಸ್’ ಅಂದ. ಥ್ಯಾಂಕ್ಸ್ ಅಂದ ನನಗೆ! ಆಮೇಲೆ ತನ್ನ ಮೀನು ಹಿಡಿಯೋ ದೋಣಿಗೆ ಮಾರಾಟಕ್ಕಿದೆ ಅಂತ ಹಲಗೆ ತಗುಲಿಸಿದ. ಆಮೇಲೆ ನೀನು ಗ್ಯಾರೇಜಿನಿಂದ ಕಿರುಚಿದ್ದು ನನಗೆ ಕೇಳಿಸ್ತು.

ಎದೆ ಒಡೆದು ಹೋದ. ಡಾಕ್ಟ್ರೇ ಹೇಳಿದ್ರಲ್ಲ, ಹೃದಯ ಮೊದಲಿಂದಲೇ ಸರಿ ಇರ್ಲಿಲ್ಲ ಅಂತ.

ಹಂಗೆ ನೋಡ್ಬೇಡ ಆರ್ಲಿಸ್. ಪೆನ್ನು ಯಾಕೆ ಕೆಳಗಿಟ್ಟೆ? ಓದು ಬೇಕಾದ್ರೆ, ಓದ್ಕೊಂಡೇ ಹಾಕು. ಇಲ್ಲ, ನೀನು ಕಾಗದ ನೋಡ್ತಿಲ್ಲ, ನನ್ನನ್ನ ನೋಡ್ತಿದೀಯ... ಓಹೋ. ಈಗ ಗೊತ್ತಾಯ್ತು. ಹಿಲ್ಡಾ ಬಂದಿದ್ಳು ಅಲ್ವಾ? ಬಂದು ಊದಿ ಹೋಗಿದಾಳೆ. ಅವಳ ಬಾಯಿಗೆ ಬೀಗ ಹಾಕೋರು ಈ ಕೌಂಟೀಲೇ ಇಲ್ಲ. ಲಿಂಡಾಲ್ ಕೋಣೆಗೆ ಕಾಫಿ ಕೊಡೋ ನೆಪದಲ್ಲಿ ಎಲ್ಲಾ ಕೇಳಿಸ್ಕೊಂಡಿದಾಳೆ. ಆ ಶುಲ್ಕದ ವಿಷಯ ತಾನೆ ಹೇಳಿದ್ದು? ವಾಷಿಂಗ್ಟನ್‌ಗೆ ಕಟ್ಬೇಕಾಗಿದ್ದ ಶುಲ್ಕ?

ಸರಿ ಹಾಗಾದ್ರೆ, ಅವಳ ಉಪ್ಪುಖಾರ ಬಿಟ್ಟು ನಿಜ ಏನು ಅಂತ ನನ್ನಿಂದ ಕೇಳು. ನೌಕರರಿಗೆ ಷೇರು ಮಾರೋಕೆ ಮುಂಚೆ ಸರ್ಕಾರದ ಹತ್ರ ಇಷ್ಟು ಷೇರು ಅಂತ ನೋಂದಾಯಿಸ್ಬೇಕು, ಅದಕ್ಕೆ ಶುಲ್ಕ ಕಟ್ಬೇಕು. ಅಷ್ಟು ಮುಗಿದ್ರೆ ಇನ್ನಷ್ಟಕ್ಕೆ ಮತ್ತೆ ನೋಂದಾಯಿಸಿ, ಮತ್ತೆ ಕಟ್ಬೇಕು. ನಮ್ಮದು ಎಷ್ಟೋ ವರ್ಷಕ್ಕೆ ಆಗುತ್ತೆ ಅಂದ್ಕೊಂಡಿದ್ವಿ. ಆದ್ರೆ ರೇಟು ಬಿತ್ತಲ್ಲ, ಅದೇ ಸಂಬಳದ ದುಡ್ಡಿಗೆ ದುಪ್ಪಟ್ಟು ಮೂರುಪಟ್ಟು ಷೇರು ಬರೋಕೆ ಶುರು ಆಯ್ತು. ನೋಂದಾಯಿಸಿದ್ದ ಬಕೆಟ್ಟು ಬರಿದಾಯ್ತು, ನಾವು ಮಾತ್ರ ಬಗ್ಗಿಸ್ತಾನೇ ಇದ್ವಿ. ಹೋದ ಜೂನಲ್ಲಿ ಕೊಟ್ಟಿದ್ದು ಪೂರ್ತಿ ನೋಂದಣಿ ಇಲ್ಲದ ಷೇರು.

ನಾನು ಹೇಳಿದೆ! ದೇವರಾಣೆ ಹೇಳಿದೆ ಲಿಂಡಾಲ್‌ಗೆ. ಶುಲ್ಕ ಏನು ಮಹಾ, ಬೇಸಿಗೆ ಪಿಕ್ನಿಕ್ಕಲ್ಲಿ ಸಾಸೇಜು ಬಿಯರಿಗೆ ಖರ್ಚು ಮಾಡ್ತೀವಲ್ಲ, ಅಷ್ಟೂ ಇಲ್ಲ. ಆದ್ರೆ ಮತ್ತೆ ನೋಂದಾಯಿಸ್ಬೇಕು ಅಂದ್ರೆ ಆಡಿಟರುಗಳು ಒಪ್ಪಿಗೆ ಕೊಡ್ಬೇಕು. ಒಪ್ಪಿಗೆ ಕೊಡ್ಬೇಕು ಅಂದ್ರೆ ಲೆಕ್ಕ ನೋಡ್ತಾರೆ. ನೋಡಿದ್ರೆ ಕಂಪನಿ ಮುಳುಗ್ತಿರೋದು ಹೊರಗೆ ಬೀಳುತ್ತೆ. ‘ಸುಮ್ನಿರು ಲವಾನ್, ಆಮೇಲೆ ಸರಿಮಾಡೋಣ’ ಅಂದ್ರು. ಸುಮ್ನಿದ್ದೆ.

ಹಿಲ್ಡಾ ಇದನ್ನೂ ಹೇಳಿರ್ತಾಳೆ ಬಿಡು, ಅಂಥ ಷೇರು ತಗೊಂಡೋರು ವರ್ಷದೊಳಗೆ ಬಂದು ‘ನಿಮ್ಮ ಷೇರು ನೀವೇ ಇಟ್ಕೊಳಿ, ನನ್ನ ದುಡ್ಡು ಬಡ್ಡಿ ಸಮೇತ ಕೊಡಿ’ ಅಂತ ಕೇಳಬಹುದು, ಕೋರ್ಟು ಕೊಡಿಸುತ್ತೆ ಅಂತ. ರೇಟು ಎಷ್ಟಾದ್ರೂ ಬಿದ್ದಿರಲಿ. ಕೇಳಬಹುದು. ಆ ಜೂನಿನ ದುಡ್ಡು ಬಂದ್ರೆ ನಿನ್ನ ಮನೆ ಉಳಿಯುತ್ತೆ, ಅದೂ ನಿಜ. ಈ ತಿಂಗಳ ಕೊನೆಗೆ ವರ್ಷ ಮುಗಿಯುತ್ತೆ. ಅದಕ್ಕೇ ಅವರಿಗೆ ನಿನ್ನ ಸಹಿ ಬೇಕು, ಆಯ್ತಾ? ಆದ್ರೆ ಯೋಚಿಸು, ನೀನೊಬ್ಬಳು ಕೇಳಿದ್ರೆ ಊರೆಲ್ಲಾ ಕೇಳುತ್ತೆ, ಊರೆಲ್ಲಾ ಕೇಳಿದ್ರೆ ಫ್ಯಾಕ್ಟರಿಗೆ ಬೀಗ. ಆಗ ಎಷ್ಟು ಮನೆ ಒಲೆ ಆರುತ್ತೆ ಹೇಳು! ಅದಕ್ಕೇ ತಾನೆ ನಾನು ಯಾರಿಗೂ...

ಏನು? ಯಾಕೆ ತಲೆ ಆಡಿಸ್ತಿದೀಯಾ?

ಇಲ್ವಾ? ಹಿಲ್ಡಾ ಬಂದಿಲ್ವಾ? ಸತ್ತ ಮನೆಗೂ ಬಂದಿಲ್ವಾ ಅವಳು? ಹಾಗಾದ್ರೆ ಯಾರು... ಯಾರೂ ಹೇಳಿಲ್ವಾ? ನೀನು ಇಷ್ಟು ಹೊತ್ತು ಸುಮ್ನೆ... ಸುಮ್ನೆ ಕೂತಿದ್ಯಾ?

ಅಯ್ಯೋ ದೇವರೇ.

ಆರ್ಲಿಸ್, ನಾನೇನೋ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ನಾನೇನು ವಕೀಲಳಾ? ತಪ್ಪಿರಬಹುದು. ಮರೆತುಬಿಡು. ಚೆಕ್ ಜಾಸ್ತಿ ಮಾಡಿಸ್ತೀನಿ, ನಾಳೇನೇ ಹೋಗಿ ಜಗಳ ಆಡ್ತೀನಿ... ಎಲ್ಲಿಗೆ ಎದ್ದೆ? ಕಿಟಕಿ ಹತ್ರ ಏನಿದೆ?

ಏನು ನೋಡ್ತಿದೀಯಾ?

ಅದಾ... ಹೇಳಿದ್ನಲ್ಲ, ಇನ್ಶೂರೆನ್ಸು. ಆಲಿಕಲ್ಲು. ಮೇಲೆ ಯಾಕೆ ನೋಡ್ತೀಯಾ? ನಿಮ್ಮ ಚಾವಣಿಗೆ ಏನೂ ಆಗಿಲ್ಲ, ಸರಿ. ಆಲಿಕಲ್ಲು ಹಂಗೇನೇ ಕಣೇ, ರಸ್ತೆಯ ಒಂದು ಬದಿ ಬೀಳುತ್ತೆ, ಇನ್ನೊಂದು ಬದಿ... ಗಾಳಿ ಬೀಸೋ ರೀತಿ ಮೇಲೆ... ಯಾಕೆ, ಆಗಲ್ವಾ? ಆಗಲ್ವಾ ಹೇಳು!

ಬೈಯೇ! ಬೈದ್ಬಿಡು!

...ಆಲಿಕಲ್ಲು ಬಿದ್ದಿಲ್ಲ. ಸರಿನಾ? ಎಲ್ಲೂ ಬಿದ್ದಿಲ್ಲ. ನನ್ನ ದುಡ್ಡು ನನಗೆ ವಾಪಸ್ ಬಂತು. ಬಡ್ಡಿ ಸಮೇತ. ಲಿಂಡಾಲ್ ಮೇಜಿನ ಆಚೆಯಿಂದ ಚೆಕ್ ತಳ್ಳಿದ್ರು, ‘ಇದು ನಿಮ್ಮದು, ಮಿಕ್ಕವರು ಕೇಳದ ಹಾಗೆ ನೋಡ್ಕೊಳಿ’ ಅಂದ್ರು. ಫೆಬ್ರವರೀಲಿ.

ಹೌದು. ಡೆಲ್ಮರ್ ಬರೋದಕ್ಕೆ ಮುಂಚೆ. ಅವನು ಟೋಪಿ ಹಿಡ್ಕೊಂಡು ನಿಂತಿದ್ನಲ್ಲ, ಆಗ ಆ ದುಡ್ಡು ನನ್ನ ಬ್ಯಾಂಕಲ್ಲಿತ್ತು.

ನಾನೇನು ಮಾಡ್ಲಿ ಆರ್ಲಿಸ್, ಚಾವಣಿ ಸೋರ್ತಿತ್ತು! ಒಂಟಿ ಹೆಂಗಸು, ಮುಂದಿನ ವರ್ಷ ಕೆಲಸ ಇರುತ್ತೋ ಇಲ್ವೋ... ನೀನಾಗಿದ್ರೆ? ಎದೆ ಮುಟ್ಕೊಂಡು ಹೇಳು, ನೀನಾಗಿದ್ರೆ ಏನು ಮಾಡ್ತಿದ್ದೆ?

ಬ್ಯಾಗು ಹುಡುಕ್ತಿದೀಯಾ? ಎಲ್ಲಿಗೆ? ವಕೀಲರ ಹತ್ರ ಆಮೇಲೆ ಹೋಗೋಣ, ನಾನೂ ಬರ್ತೀನಿ, ಮೊದಲು ಸ್ವಲ್ಪ ಊಟ ಮಾಡು, ತಣ್ಣಗಾಗುತ್ತೆ... ಅದು ನನ್ನ ಬ್ಯಾಗು. ನನ್ನ ಬ್ಯಾಗು ಯಾಕೆ ಕೊಡ್ತೀಯಾ? ಪಾತ್ರೆ ಯಾಕೆ? ಬೇಡ, ಇಡು ಅದನ್ನ. ಮುಚ್ಚಳಾನೂ ತೆಗೆದಿಲ್ಲ ನೀನು. ಆರ್ಲಿಸ್, ತಂದಿಟ್ಟ ಊಟಾನ ಹಂಗೇ ವಾಪಸ್ ಕೊಡೋದನ್ನ ಈ ಊರಲ್ಲಿ ಯಾರೂ ಮಾಡಿಲ್ಲ ಕಣೇ, ಶತ್ರುಗಳೂ ಮಾಡಿಲ್ಲ... ಚಾವಣಿ ಮೇಲಿರೋ ಕೆಲಸದವರು ಸುತ್ತಿಗೆ ನಿಲ್ಲಿಸಿ ಈ ಕಡೇನೇ ನೋಡ್ತಿದಾರೆ. ಹಿಲ್ಡಾ ಮನೆಗೂ ಕಾಣುತ್ತೆ. ತುಂಬಿದ ಪಾತ್ರೆ ಹಿಡ್ಕೊಂಡು ನಾನು ರಸ್ತೆ ದಾಟೋದು ಹೇಗೆ?