‘ಇರಬಹುದು’ ಎಂದಿದ್ದ ಅಂದಾಜು

ಯಲಹಂಕದ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ಮರಿಯಮ್ಮ ಎಂಬ ಹೆಂಗಸಿನ ಪಕ್ಕ ಕೂತಿದ್ದ ಯುವತಿ ತನ್ನ ಹಿರಿಯ ಅಧಿಕಾರಿಯತ್ತ ತಿರುಗಿದಳು.

“ಸಮುದ್ರದಡಿ ಹೂಳು ದಪ್ಪಗಿದೆ, ಆಯಿಲ್ ಇರಬಹುದು ಅಂತಷ್ಟೇ ರಿಪೋರ್ಟಲ್ಲಿ ಬರ್ದಿದ್ದೆ ಸರ್. ನೀವು ‘ಇದೆ’ ಅಂತ ಮಾಡ್ಬಿಟ್ರಿ.”

“ಇರಬಹುದು ಅಂದ್ರೆ ಯಾರೂ ಬಾವಿ ಕೊರೆಯಲ್ಲ ಕಣಮ್ಮ ರಾಧಾಮಣಿ.”

“ಕೊರೆದ್ರಲ್ಲ, ಬರೀ ಉಪ್ಪು ನೀರು ಬಂತು. ಆಮೇಲೆ ಮೀಟಿಂಗಲ್ಲಿ ‘ಇದೆ’ ಅಂದಿದ್ದು ನಾನೇ ಅಂತ ನೀವು ನನ್ನ ಮೇಲೆ ಹಾಕಿದ್ರಂತೆ?”

“ನಂಗೆ ರಿಟೈರ್ಮೆಂಟ್ ಹತ್ರ ಬಂತು. ಈ ಕೆಲಸ ಹೋದ್ರೂ ನಿಂಗೆ ಬೇರೆ ಸಿಗುತ್ತೆ.”

“ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನು ಅಂತ ಕಲಿಸ್ದೋರೇ ನೀವು, ಸರ್.”

 ಹೆಬ್ಬಾಳದ ಬಸ್ಸು ಬಂದಾಗ ಇಬ್ಬರೂ ಎದ್ದರು. ಅಧಿಕಾರಿ ಹತ್ತಿ, ಪಕ್ಕದ ಸೀಟಿನ ಮೇಲೆ ಕೈಯಿಟ್ಟು ಅವಳನ್ನು ಕರೆದರು.

“ನೀವು ಹೋಗಿ,” ಎಂದಳು ರಾಧಾಮಣಿ.

ಬಸ್ಸು ಹೊರಟಿತು. ಮರಿಯಮ್ಮ ಸರಿದು ಜಾಗ ಮಾಡಿಕೊಟ್ಟರೂ ಅವಳು ಕೂರದೆ, ಕಣ್ಣೊರೆಸಿಕೊಳ್ಳುತ್ತ ಆಟೊಗಳ ಕಡೆ ನಡೆದಳು.