ಹಸಿ ಗರಿ ಕಡಿದ ದಿನ

ಅದೇ ಕಣ್ರೋ, ರಾಕೆಟ್ ಹಾರಿದ್ರೆ ನಮ್ಗೇನು ಬಂತು ಅಂತ ಈಗ ಟೀವಿ ಮುಂದೆ ನಿಮ್ಮ ತಾತ ಗೊಣಗಿದ್ರಲ್ಲ, ಅವರಿಗೆ ನಾನು ಉತ್ತರ ಕೊಡಲ್ಲ, ನಿಮಗೆ ಹೇಳ್ತೀನಿ, ಕೂತ್ಕೊಳ್ಳಿ. ಕೊರೊನಾ ವರ್ಷ. ನೀನಾಗ ತೊಟ್ಟಿಲಲ್ಲಿದ್ದೆ, ಇಲ್ಲ ಇಲ್ಲ, ಅಂಬೆಗಾಲು ಇಡ್ತಿದ್ದೆ, ಇವನು ಹುಟ್ಟೇ ಇರ್ಲಿಲ್ಲ. ನಿಮ್ಮ ರೂಪತ್ತೆ ಹತ್ತನೇ ಕ್ಲಾಸು. ಸ್ಕೂಲಿಗೆ ಬೀಗ. ಅಷ್ಟರಲ್ಲಿ ಮಾಯಸಂದ್ರದ ಕಡೆಯಿಂದ ಒಂದು ಗಂಡು ಬಂತು. ತಾತ, 'ಸ್ಕೂಲೇ ಇಲ್ಲ ಅಂದ್ಮೇಲೆ ಮನೇಲಿಟ್ಕೊಂಡು ಏನ್ಮಾಡೋದು, ಕೊಟ್ಬುಡಾನ' ಅಂದ್ರು. ಇನ್ನೂ ಹದಿನೈದು ಕಣ್ರೋ ಆ ಹುಡುಗೀಗೆ. ನನ್ನನ್ನೂ ಹತ್ತು ಮುಗಿದ ಕೂಡ್ಲೇ ಹಿಂಗೇ... ನಂದು ಬುಡಿ. 'ಸರ್ಕಾರದ ಚಾನಲಲ್ಲಿ ಪಾಠ ಬತ್ತದೆ ಮಾವ, ಓದ್ಲಿ' ಅಂದೆ. 'ಬತ್ತದಾ? ತೋರ್ಸು' ಅಂದ್ರು. ಹಾಕಿದೆ. ಮೇಷ್ಟ್ರು ಲೆಕ್ಕ ಶುರು ಮಾಡಿದ್ರು, ಗಾಳಿ ಬೀಸ್ತು, ಟೀವೀಲಿ ಮೇಷ್ಟ್ರ ಮುಖ ಚೌಕ ಚೌಕವಾಗಿ ಒಡೆದೋಯ್ತು. 'ನೋಡ್ದಾ, ಆಕಾಶಕ್ಕೆ ಸುರಿದ ದುಡ್ಡು' ಅಂತ ನಕ್ರು.

ಡಿಶ್ ಹಾಕೋ ರಫೀಕ್ ಸಾಬ್ರನ್ನ ತುರುವೇಕೆರೆಯಿಂದ ಕರೆಸಿದೆ. 'ಇದು ಉಪಗ್ರಹನ ನೆಟ್ಟಗೆ ನೋಡ್ಬೇಕು ಕಣಮ್ಮ. ನಿಮ್ಮ ಮರದ ಗರಿ ಅಡ್ಡ ಐತೆ. ಡಿಶ್ ಬೇರೆ ಎತ್ಲಾಗೆ ಇಡ್ಲಿ, ಸುತ್ತ ತೆಂಗೇ' ಅಂದ್ರು. ಮೂರ್ನಾಲ್ಕು ಗರಿ, ಅಷ್ಟೇ. ಆದ್ರೆ ನಮ್ಮಲ್ಲಿ ಹಸಿ ಗರಿ ಸುಮ್‌ಸುಮ್ನೆ ಕಡೀತಾರಾ? ಮದುವೆ ಚಪ್ಪರಕ್ಕೆ ಕಡೀತಾರೆ, ಇಲ್ಲಾಂದ್ರೆ ಹೆಣ ಹೊರೋ ಚಟ್ಟಕ್ಕೆ. 'ಕಡಿಯಾನ, ರೂಪನ ಚಪ್ಪರಕ್ಕೇ ಕಡಿಯಾನ' ಅಂದ್ರು ತಾತ. ಆ ಹುಡುಗಿ ಪುಸ್ತಕ ಎಲ್ಲಾ ತಗೊಂಡೋಗಿ ಅಟ್ಟಕ್ಕೆ ಹಾಕಿದ್ಲು.

ಮಾರನೇ ಬೆಳಿಗ್ಗೆ ನಾನು ಪಾತ್ರೆ ತಿಕ್ತಿದ್ದೆ. ಧಡ್ ಅಂತ ಸದ್ದು. ನೋಡ್ತೀನಿ, ನಿಮ್ಮ ಅಜ್ಜಿ ಕಣ್ರೋ, ಗಂಡನಿಗೆ ಯಾವತ್ತೂ ಒಂದು ಮಾತು ಎದುರಾಡದ ಹೆಂಗಸು, ಸೆರಗು ಸಿಕ್ಕಿಸ್ಕೊಂಡು ತಾರಸಿ ಮೇಲೆ ನಿಂತು ದೋಟಿಗೆ ಕುಡುಗೋಲು ಕಟ್ಕೊಂಡು ಹಸಿ ಗರಿ ಎಳೀತಾವ್ರೆ. ಎದುರುಮನೆ ಪುಟ್ಟಮ್ಮ ಅದ ಕಂಡು ಎದೆ ಬಡ್ಕೊಂಡು ಓಡಿಬಂದ್ಲು. 'ಯಾರಕ್ಕಾ? ಯಾರು ಹೋದ್ರು?' ತಾತ ಜಗಲಿ ಮೇಲೆ ಬೀಡಿ ಹಚ್ತಿದ್ರು. ಅಜ್ಜಿ ಮೇಲಿಂದ್ಲೇ, 'ಯಾರೂ ಹೋಗಿಲ್ಲ ಕಣೇ, ಅಲ್ಲೇ ಕೂತವ್ರಲ್ಲ. ಪಾಠ ಬರ್ಬೇಕಿತ್ತು' ಅಂದ್ರು.

ಊರು ಸುಮ್ನಿರ್ತದಾ? ಮದುವೆ ಮಾತಾಡೋ ಮನೇಲಿ ಸಾವಿಲ್ಲದೆ ಹಸಿ ಗರಿ ಬಿತ್ತಂತೆ ಅನ್ನೋ ಸುದ್ದಿ ಮಾಯಸಂದ್ರ ಮುಟ್ತು. ಅಪಶಕುನ ಅಂತ ಗಂಡಿನೋರು ಹಿಂದೆ ಸರಿದ್ರು. ತಾತ ಮಳೆಗಾಲ ಮುಗಿಯೋವರ್ಗೂ ಅಜ್ಜಿ ಜೊತೆ ಮಾತಾಡ್ಲಿಲ್ಲ. ಅವರ ಮುಂದೆ ತಟ್ಟೆ ಇಟ್ಟು ಒಳಕ್ಕೆ ಬಂದು ಅಜ್ಜಿ ಕಣ್ಣೊರೆಸ್ಕೊಳ್ಳೋದ ನಾನೇ ಕಂಡಿದ್ದೀನಿ. ಪಾಠ ಮಾತ್ರ ಒಡೀದೆ ಬಂತು. ರೂಪ ಈಗ ತಿಪಟೂರಲ್ಲಿ ನರ್ಸಿಂಗ್ ಓದ್ತಾವ್ಳೆ.

ಪುಟ್ಟಮ್ಮನ ಮಗಳು ಶಿಲ್ಪಂದೂ ಅದೇ ಕ್ಲಾಸು. ಅವರ ಮನೇಲಿ ಡಿಶ್ ಹಾಕ್ಸಿರ್ಲಿಲ್ಲ. ಸ್ವಲ್ಪ ದಿನ ಪಾಠ ನೋಡೋಕೆ ನಮ್ಮನೇಗೆ ಬಂದ್ಲು, ಆಮೇಲೆ 'ಇನ್ನೊಬ್ರ ಮನೆ ಟೀವಿ ಮುಂದೆ ಕೂರೋದೇನು' ಅಂತ ಅವಳಪ್ಪ ತಡೆದ. ಆ ಚಳಿಗಾಲದಲ್ಲೇ ಅವರ ಮನೆ ಮುಂದೆ ಚಪ್ಪರ ಹಾಕಿದ್ರು. ನಾನೂ ಹೋಗಿ ಉಂಡು ಬಂದೆ, ಏನ್ಮಾಡೋದು. ಅದೇ ಉಪಗ್ರಹ, ಅದೇ ಪಾಠ, ಬಿಟ್ಟಿ, ಅವರ ಹೆಂಚಿನ ಮೇಲೂ ಬೀಳ್ತಿತ್ತು. ಸರ್ಕಾರ ಎಷ್ಟು ಮೇಲಕ್ಕೆ ಕಳಿಸಿದ್ರೂ ಅದು ಬಂದು ಸೂರಿನ ಮೇಲೆ ನಿಲ್ತದೆ ಅಷ್ಟೇ. ಒಳಕ್ಕೆ ಇಳಿಸ್ಕೊಳೋಕೆ ಮನೇಲೊಬ್ರು ಗಟ್ಟಿ ಇರ್ಬೇಕು. ಏಳ್ರಿ, ಅಜ್ಜಿ ಮುದ್ದೆ ತಿರುವ್ತಾವ್ರೆ, ಹೋಗಿ ತಟ್ಟೆ ಹಾಕಿ.